ಧಮನೀಪ್ರತಿಚಯವೂ ಕಂಠಧಮನೀಭಿತ್ತಿಯ ದರ್ಶನವೂ

೧. ವಿಷಯೋಪಕ್ರಮ

ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತನೆಯ ಅಧ್ಯಾಯದಲ್ಲಿ ಕಫದಿಂದ ಹುಟ್ಟುವ ಇಪ್ಪತ್ತು ವಿಕಾರಗಳನ್ನು ಎಣಿಸುವಾಗ 'ಧಮನೀಪ್ರತಿಚಯ'ವೆಂಬ ಒಂದು ಹೆಸರು ಬಂದಿದೆ. ಮೂಲದಲ್ಲಿ ಅದಕ್ಕೆ ಅಲ್ಲಿ ವಿವರಣೆಯಿಲ್ಲ. ಪಟ್ಟಿಯ ನಡುವೆ ಹೆಸರು ಬರುತ್ತದೆ, ಮುಂದಿನ ಹೆಸರಿಗೆ ಎಡೆಗೊಡುತ್ತದೆ. ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ಅದಕ್ಕೆ ಧಮನಿಗಳ 'ಉಪಲೇಪ'ವೆಂದು ಅರ್ಥ ಹೇಳಿರುವನು. ಉಪಲೇಪವೆಂದರೆ ಬಳಿಯುವುದು, ಸಾರಿಸುವುದು. ಗೋಡೆಗೆ ಸುಣ್ಣವನ್ನೂ ನೆಲಕ್ಕೆ ಸಗಣಿಯನ್ನೂ ಬಳಿದಂತೆ ಮೇಲ್ಮೈಗೆ ಬೇರೊಂದು ದ್ರವ್ಯವು ಹತ್ತಿಕೊಳ್ಳುವುದು. ಪಾಶ್ಚಾತ್ಯ ವೈದ್ಯರು 'ಅಥೆರೋಸ್ಕ್ಲೆರೋಸಿಸ್' ಎಂದು ಕರೆಯುವ ರೋಗವೇ ಇದೆಂದೂ, ಆದುದರಿಂದ ಧಮನಿಯ ಒಳಗಿನ ಈ ದೋಷವನ್ನು ನಮ್ಮ ಪೂರ್ವಿಕರು ಕಣ್ಣಾರೆ ಕಂಡಿದ್ದರೆಂದೂ ಹೇಳುವ ವಿದ್ವಾಂಸರು ನಮ್ಮಲ್ಲಿ ಅನೇಕರಿದ್ದಾರೆ. ಈ ಸಮೀಕರಣವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ತೊಡಗಲು ಕಾರಣವಾದ ಪ್ರಸಂಗವನ್ನು ಮೊದಲು ಅರಿಕೆ ಮಾಡಿಕೊಳ್ಳುವುದು ಯುಕ್ತ. ಪಾಠಶಾಲೆಯಲ್ಲಿ ನನ್ನೊಡನೆ ಓದಿ, ಅನಂತರ ಆಯುರ್ವೇದಗ್ರಂಥಗಳಲ್ಲಿ ವಿಶೇಷ ಪರಿಶ್ರಮ ಮಾಡಿದ ಸಹಾಧ್ಯಾಯಿಗಳೊಬ್ಬರು ಒಂದು ದಿನ ಪಾಠ ಹೇಳುತ್ತಿದ್ದಾಗ ಹಠಾತ್ತಾಗಿ ಮಾತು ನಿಂತು, ಬಲಗೈ ಸೋತು, ಸುಮಾರು ಕಾಲು ಗಂಟೆಯ ಮೇಲೆ ಯಥಾಸ್ಥಿತಿಗೆ ಬಂದರು. ವೈದ್ಯರು ಕತ್ತಿನ ಎಡಭಾಗದ ಧಮನಿಯನ್ನು ಪರೀಕ್ಷಿಸಿ, ರಕ್ತದ ದಾರಿ ಅರ್ಧದಷ್ಟೂ ಕಿರಿದಾಗಿಲ್ಲವೆಂದರು. ಆದರೆ ಅನಂತರ ಕಾಂತೀಯ ಅನುರಣನದಿಂದ ತೆಗೆದ ಚಿತ್ರದಲ್ಲಿ ಅದೇ ಧಮನಿಯ ಗೋಡೆಯೊಳಗೆ ರಕ್ತವು ಸೋರಿ ನಿಂತಿದ್ದುದು ಕಾಣಿಸಿತು. ನನ್ನ ಮಿತ್ರರು ಆ ಚಿತ್ರವನ್ನು ನನ್ನ ಮುಂದಿಟ್ಟು, "ನೋಡಿರಿ, ನಾವು ಓದಿದ ಉಪಲೇಪ ಇದೇ ಅಲ್ಲವೆ?" ಎಂದರು. ನನಗೆ ಆಗ ಉತ್ತರ ತೋಚಲಿಲ್ಲ. ಅವರ ಕೈಯಲ್ಲಿದ್ದ ಚಿತ್ರದಲ್ಲಿ ದೋಷವು ಗೋಡೆಯ ಮೇಲಿರಲಿಲ್ಲ, ಗೋಡೆಯೊಳಗಿತ್ತು. ಮುಂದಿನ ವಿಚಾರವೆಲ್ಲವೂ ಈ ಒಂದು ಭೇದದಿಂದ ಹುಟ್ಟಿದುದು.

೨. ಪ್ರಾಚೀನರ ಕಂಠಜ್ಞಾನ

ಕಂಠದಲ್ಲಿ ನಾಡಿಯ ಇಕ್ಕೆಲಗಳಲ್ಲಿಯೂ ಮಿಡಿಯುವ ಧಮನಿಗಳ ಮಹತ್ತ್ವವು ಪ್ರಾಚೀನರಿಗೆ ಚೆನ್ನಾಗಿ ತಿಳಿದಿತ್ತು. ಸುಶ್ರುತಸಂಹಿತೆಯ ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿ ೧೦೭ ಮರ್ಮಗಳು ನಿರೂಪಿತವಾಗಿವೆ. ಅವುಗಳಲ್ಲಿ ಕಂಠನಾಡಿಯ ಎರಡು ಕಡೆಗೂ ಇರುವ ನಾಲ್ಕು ಧಮನಿಗಳಿಗೆ ನೀಲಾ ಎಂದೂ ಮನ್ಯಾ ಎಂದೂ ಹೆಸರು. ಇವಕ್ಕೆ ಗಾಯವಾದರೆ ಮೂಕತ್ವ, ಸ್ವರವಿಕಾರ, ರುಚಿಯ ನಾಶ ಇವು ಉಂಟಾಗುತ್ತವೆಂದು ಹೇಳಿದೆ. ಕತ್ತಿನ ಎರಡು ಪಕ್ಕಗಳಲ್ಲಿಯೂ ನಾಲ್ಕು ನಾಲ್ಕರಂತೆ ಇರುವ ಎಂಟು ಸಿರೆಗಳಿಗೆ ಮಾತೃಕೆಗಳೆಂದು ಹೆಸರು. ಇವಕ್ಕೆ ಪೆಟ್ಟಾದರೆ ಸದ್ಯೋಮರಣ. ಇವುಗಳಲ್ಲಿ ಯಾವುದು ಈಗಿನ ಯಾವ ನಾಳಕ್ಕೆ ಸರಿಯೆಂಬ ವಿವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಯುದ್ಧದ ಗಾಯಗಳನ್ನೂ ಶಸ್ತ್ರಕರ್ಮದ ಅಪಾಯಗಳನ್ನೂ ಕಂಡ ಶಲ್ಯತಂತ್ರಜ್ಞನ ಅನುಭವವು ಈ ವಾಕ್ಯಗಳ ಹಿಂದೆ ಇದೆಯೆಂಬುದಿಷ್ಟನ್ನು ಒಪ್ಪಬಹುದು.

ಅದೇ ಸಂಹಿತೆಯ ನಿದಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಪಕ್ಷಾಘಾತದ ನಿರೂಪಣೆಯಿದೆ. ಕೆರಳಿದ ವಾಯುವು ಕೆಳಕ್ಕೂ ಅಡ್ಡಲಾಗಿಯೂ ಮೇಲಕ್ಕೂ ಹೋಗುವ ಧಮನಿಗಳನ್ನು ಹೊಕ್ಕು, ದೇಹದ ಒಂದು ಪಕ್ಕದ ಸಂಧಿಬಂಧಗಳನ್ನು ಸಡಿಲಿಸಿ ಆ ಪಕ್ಷವನ್ನು ಕೊಲ್ಲುತ್ತದೆಂಬುದು ಅಲ್ಲಿಯ ತಾತ್ಪರ್ಯ. ಧಮನಿಯು ರೋಗದ ಮಾರ್ಗವೆಂಬ ಅಂಶವು ಇಲ್ಲಿ ಗಮನಾರ್ಹವಾದುದು. ಆದರೆ ಇಲ್ಲಿ ಹೇಳಿರುವ ಕರ್ತೃ ವಾಯು. ಧಮನೀಪ್ರತಿಚಯವನ್ನು ಎಣಿಸಿರುವುದು ಕಫದ ವಿಕಾರಗಳಲ್ಲಿ, ಅದೂ ಬೇರೆ ಸಂಹಿತೆಯಲ್ಲಿ. ಎರಡನ್ನೂ ಒಂದು ದಾರದಲ್ಲಿ ಪೋಣಿಸಿ 'ಧಮನಿಯ ಪ್ರತಿಚಯದಿಂದ ಪಕ್ಷಾಘಾತ' ಎಂದು ಹೇಳುವ ವಚನವನ್ನು ಈ ಎರಡು ಸ್ಥಳಗಳಲ್ಲಿ ನಾವು ಕಾಣೆವು. ಆ ದಾರವನ್ನು ಹೊಸೆದವರು ಈಚಿನವರು.

ಯವನರಲ್ಲಿಯೂ ಇದೇ ಬಗೆಯ ಜ್ಞಾನವಿತ್ತು. ಕತ್ತಿನ ಈ ಧಮನಿಗೆ ಪಾಶ್ಚಾತ್ಯ ಭಾಷೆಗಳಲ್ಲಿ ಇಂದಿಗೂ ಉಳಿದಿರುವ 'ಕರೋಟಿಡ್' ಎಂಬ ಹೆಸರು ಗ್ರೀಕಿನಲ್ಲಿ ಮಂಪರು, ಗಾಢನಿದ್ರೆ ಎಂಬ ಅರ್ಥವುಳ್ಳ ಶಬ್ದದಿಂದ ಬಂದುದು. ಆ ಜಾಗವನ್ನು ಒತ್ತಿಹಿಡಿದರೆ ಮನುಷ್ಯನು ಪ್ರಜ್ಞೆ ತಪ್ಪುತ್ತಾನೆಂಬ ಅನುಭವವೇ ಹೆಸರಿನ ಮೂಲ. ಕ್ರಿ. ಶ. ಎರಡನೆಯ ಶತಮಾನದ ಗೇಲನ್ನನು ಪ್ರಾಣಿಗಳಲ್ಲಿ ಪ್ರಯೋಗ ಮಾಡಿ, ಧ್ವನಿ ನಿಲ್ಲುವುದು ಧಮನಿಯನ್ನು ಕಟ್ಟಿದುದರಿಂದಲ್ಲ, ಅದರ ಪಕ್ಕದ ನರವನ್ನು ಕಟ್ಟಿದುದರಿಂದ ಎಂದು ತೋರಿಸಿದನು. ನೀಲಾಮನ್ಯೆಗಳ ಗಾಯದಿಂದ ಮೂಕತ್ವವೆಂದ ಸುಶ್ರುತವಚನಕ್ಕೂ ಇದರಿಂದ ಒಂದು ಸಮಾಧಾನ ದೊರೆಯುವಂತಿದೆ: ಧಮನಿಯ ನೆರೆಯಲ್ಲಿಯೇ ನರವಿರುವುದರಿಂದ ಒಂದಕ್ಕೆ ಬಿದ್ದ ಶಸ್ತ್ರವು ಇನ್ನೊಂದನ್ನೂ ಮುಟ್ಟಿರಬಹುದು.

ಒಟ್ಟಿನಲ್ಲಿ ಪ್ರಾಚೀನರಿಬ್ಬರಿಗೂ ಪ್ರಮಾಣವಾಗಿದ್ದುದು ಸ್ಪರ್ಶ ಮತ್ತು ಗಾಯ. ಸುಶ್ರುತನು ಹೇಳಿರುವ ಶವಪರೀಕ್ಷೆಯ ಕ್ರಮವೂ ಪ್ರಸಿದ್ಧವಾದುದೇ: ಹೆಣವನ್ನು ಹುಲ್ಲು ನಾರುಗಳಿಂದ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಕೊಳೆತ ಮೇಲೆ ಕೂರ್ಚದಿಂದ ಮೆಲ್ಲಮೆಲ್ಲನೆ ಉಜ್ಜಿ, ತ್ವಕ್ಕಿನಿಂದ ತೊಡಗಿ ಒಂದೊಂದು ಪದರವನ್ನೂ ನೋಡಬೇಕು. ಇದು ಹೊರಗಿನಿಂದ ಒಳಕ್ಕೆ ಸಾಗುವ ನೋಟ. ಧಮನಿಯನ್ನು ಸೀಳಿ ಅದರ ಒಳಮೈಯನ್ನು ನೋಡಬೇಕೆಂಬ ಮಾತು ಆ ವಿಧಿಯಲ್ಲಿಲ್ಲ.

೩. ಲೇಪವೋ, ಅಂತರ್ಗತವೋ?

ಯೂರೋಪಿನಲ್ಲಿ ಧಮನಿಯ ಒಳಮೈಗೂ ಪಕ್ಷಾಘಾತಕ್ಕೂ ಸಂಬಂಧವನ್ನು ಹುಡುಕಿದವರಲ್ಲಿ ಮೊದಲಿಗರೆಂದು ಎಣಿಸಬೇಕಾದವರು ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್ ಪಟ್ಟಣದ ವೈದ್ಯರಾದ ಯೋಹಾನ್ ಯಾಕೋಬ್ ವೆಪ್‌ಫರ್. ಹಠಾತ್ತಾಗಿ ಬಿದ್ದು ಸತ್ತವರ ಶವಗಳನ್ನು ಪರೀಕ್ಷಿಸಿ ಅವರು ೧೬೫೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಿದುಳಿನೊಳಗಿನ ರಕ್ತಸ್ರಾವವು ಮಾತ್ರವಲ್ಲದೆ ಮಿದುಳಿಗೆ ಹೋಗುವ ಧಮನಿಗಳ ತಡೆಯೂ ವಿಚಾರಕ್ಕೆ ಬಂದಿದೆ. ೧೬೬೪ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸರು ಮಿದುಳಿನ ತಳದಲ್ಲಿ ಧಮನಿಗಳು ಒಂದಕ್ಕೊಂದು ಕೂಡಿ ವಲಯವಾಗಿರುವುದನ್ನು ನಿರೂಪಿಸಿದರು. ಒಂದು ಕಡೆಯ ಕಂಠಧಮನಿ ಪೂರ್ತಿ ಮುಚ್ಚಿಹೋಗಿದ್ದರೂ ಪಕ್ಷಾಘಾತವಿಲ್ಲದೆ ಬಾಳಿ, ಬೇರೆ ರೋಗದಿಂದ ಸತ್ತ ಒಬ್ಬನ ಶವದಲ್ಲಿ ಇನ್ನೊಂದು ಧಮನಿಯು ದಪ್ಪವಾಗಿ ಬೆಳೆದು ಆ ಕೊರತೆಯನ್ನು ತುಂಬಿದ್ದುದನ್ನು ಅವರು ಕಂಡಿದ್ದರು. ದಾರಿ ಮುಚ್ಚಿದ ಮಾತ್ರಕ್ಕೆ ಅನರ್ಥವಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದು ಹಳೆಯ ದೃಷ್ಟಾಂತ.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಪ್ರಕೃತ ಪ್ರಶ್ನೆಯೇ ಅಲ್ಲಿ ಇಬ್ಬರು ಮಹಾವಿದ್ವಾಂಸರ ವಾದವಾಯಿತು. ವಿಯೆನ್ನಾದ ಕಾರ್ಲ್ ರೊಕಿಟಾನ್ಸ್ಕಿಯವರು, ರಕ್ತದಲ್ಲಿರುವ ದ್ರವ್ಯವೇ ಧಮನಿಯ ಒಳಮೈಗೆ ಹತ್ತಿ ಹೆಪ್ಪುಗಟ್ಟಿ ಪೊರೆಪೊರೆಯಾಗಿ ನಿಲ್ಲುತ್ತದೆ ಎಂದರು. ಇದು ಉಪಲೇಪಪಕ್ಷ. ರುಡಾಲ್ಫ್ ವಿರ್ಶೋ ಅವರು ಇದನ್ನು ಖಂಡಿಸಿ, ವಿಕಾರವು ಧಮನೀಭಿತ್ತಿಯ ಒಳಪೊರೆಯ ಗರ್ಭದಲ್ಲಿಯೇ ಹುಟ್ಟಿ ಬೆಳೆಯುವುದು, ಮೇಲಿನಿಂದ ಬಂದು ಹತ್ತುವುದಲ್ಲ ಎಂದು ಸ್ಥಾಪಿಸಿದರು. ಇದನ್ನು ಅಂತರ್ಗತಪಕ್ಷವೆನ್ನಬಹುದು. ೧೯೦೪ರಲ್ಲಿ ಮಾರ್ಶಾಂಡ್ ಎಂಬವರು ಇಟ್ಟ 'ಅಥೆರೋಸ್ಕ್ಲೆರೋಸಿಸ್' ಎಂಬ ಹೆಸರು ಸಹ ಒಳಗಿರುವುದನ್ನೇ ಹೇಳುತ್ತದೆ. 'ಅಥೆರೆ' ಎಂದರೆ ಗ್ರೀಕಿನಲ್ಲಿ ಅಂಬಲಿ, 'ಸ್ಕ್ಲೆರೋಸ್' ಎಂದರೆ ಗಟ್ಟಿ. ಹೊರಗೆ ಗಟ್ಟಿ, ಸೀಳಿದರೆ ಒಳಗೆ ಅಂಬಲಿ.

೧೯೦೫ರಲ್ಲಿ ಪ್ರಾಗ್ ನಗರದ ಹಾನ್ಸ್ ಕಿಯಾರಿಯವರು ಕಂಠಧಮನಿಯು ಎರಡಾಗಿ ಕವಲೊಡೆಯುವ ಸ್ಥಳವನ್ನು ಶವಗಳಲ್ಲಿ ಎಚ್ಚರಿಕೆಯಿಂದ ಪರೀಕ್ಷಿಸಿ, ಅಲ್ಲಿಯ ವಿಕೃತಭಿತ್ತಿಯ ಮೇಲೆ ಹೆಪ್ಪು ಕಟ್ಟುವುದನ್ನೂ ಅದರ ತುಣುಕು ಕಳಚಿ ಮಿದುಳಿಗೆ ಹೋಗಿ ಪಕ್ಷಾಘಾತವನ್ನು ಉಂಟುಮಾಡುವುದನ್ನೂ ನಿರೂಪಿಸಿದರು. ರೋಗದ ಫಲವು ತಲೆಯಲ್ಲಿ, ಬೀಜವು ಕತ್ತಿನಲ್ಲಿ. ಆದರೆ ಇವೆಲ್ಲವೂ ಸತ್ತವರಿಂದ ಕಲಿತ ಪಾಠಗಳು. ಬದುಕಿರುವವನ ಧಮನಿಯನ್ನು ನೋಡುವ ಉಪಾಯ ಆಗ ಇರಲಿಲ್ಲ.

೪. ಪ್ರವಾಹದ ಚಿತ್ರ

ಆ ಉಪಾಯವನ್ನು ೧೯೨೭ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜ್ ಅವರು ಕಂಡುಹಿಡಿದರು. ಕಂಠಧಮನಿಯೊಳಕ್ಕೆ ಅಯೋಡೈಡ್ ಲವಣದ ದ್ರವವನ್ನು ಚುಚ್ಚಿ, ಒಡನೆಯೇ ಕ್ಷಕಿರಣದಿಂದ ಚಿತ್ರ ತೆಗೆದರೆ ರಕ್ತದ ದಾರಿಯು ಕವಲು ಕವಲಾಗಿ ಮೂಡುತ್ತದೆ. ೧೯೫೧ರಲ್ಲಿ ಕೆನಡಾದ ಮಿಲ್ಲರ್ ಫಿಷರ್ ಅವರು ಕಂಠಧಮನಿಯ ತಡೆಯಿಂದ ಆಗುವ ಪಕ್ಷಾಘಾತವನ್ನೂ, ಅದಕ್ಕೆ ಮುಂಚೆ ಸೂಚನೆಯಾಗಿ ಬಂದು ಹೋಗುವ ಕ್ಷಣಿಕ ವಿಕಾರಗಳನ್ನೂ ವಿಶದಪಡಿಸಿದರು. ನನ್ನ ಮಿತ್ರರಿಗೆ ಬಂದುದು ಇಂತಹ ಸೂಚನೆಯೇ. ೧೯೫೪ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಈಸ್ಟ್‌ಕಾಟ್, ಪಿಕರಿಂಗ್, ರಾಬ್ ಎಂಬ ಮೂವರು, ಇಂತಹ ಸೂಚನೆಗಳು ಮತ್ತೆ ಮತ್ತೆ ಬರುತ್ತಿದ್ದ ಒಬ್ಬ ಸ್ತ್ರೀಯ ಕಂಠಧಮನಿಯ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ತುದಿಗಳನ್ನು ಕೂಡಿಸಿದ ವೃತ್ತಾಂತವನ್ನು ಪ್ರಕಟಿಸಿದರು.

ಅಂದಿನಿಂದ ಮುಖ್ಯ ಪ್ರಶ್ನೆ 'ದಾರಿ ಎಷ್ಟು ಕಿರಿದಾಗಿದೆ?' ಎಂಬುದಾಯಿತು. ೧೯೯೧ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ, ಆಗಲೇ ಸೂಚನೆ ಕಂಡಿದ್ದು ದಾರಿಯು ನೂರಕ್ಕೆ ೭೦ರಿಂದ ೯೯ರಷ್ಟು ಕಿರಿದಾಗಿದ್ದ ೬೫೯ ರೋಗಿಗಳನ್ನು ಎರಡು ಪಂಗಡ ಮಾಡಿ ನೋಡಿದರು. ಎರಡು ವರ್ಷಗಳಲ್ಲಿ ಅದೇ ಕಡೆಯ ಪಕ್ಷಾಘಾತವು ಔಷಧವನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ ೨೬, ಶಸ್ತ್ರಕರ್ಮವನ್ನೂ ಪಡೆದವರಲ್ಲಿ ೯ ಎಂದು ಗೊತ್ತಾಯಿತು. ಈ ಲೆಕ್ಕವು ಅಸಂಖ್ಯಾತ ಜನರಿಗೆ ಉಪಕಾರ ಮಾಡಿದೆ. ಅದನ್ನು ಕಡೆಗಣಿಸುವ ಮಾತೇ ಇಲ್ಲ.

ಆದರೂ ಈ ಚಿತ್ರದಲ್ಲಿ ಕಾಣುವುದು ರಕ್ತದ ನೆರಳೇ ಹೊರತು ಧಮನಿಯಲ್ಲ. ನಮ್ಮ ನಾಡಿನ ಕೆರೆಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೀರಿನ ಅಳತೆಯನ್ನು ನೋಡಿ ಕೆರೆ ಕ್ಷೇಮವೆಂದು ಹೇಳುವವನು ಅರ್ಧ ಮಾತ್ರ ಬಲ್ಲವನು. ಏರಿಯೊಳಗೆ ಇಲಿ ಹೆಗ್ಗಣಗಳು ತೋಡಿದ ಬಿಲವು ನೀರಿನ ಮೇಲೆ ಕಾಣುವುದಿಲ್ಲ. ಏರಿ ಒಡೆಯುವ ಹಿಂದಿನ ದಿನವೂ ನೀರು ತುಂಬಿ ತಿಳಿಯಾಗಿಯೇ ಇರುತ್ತದೆ.

ಈ ಮಾತು ಕೇವಲ ಉಪಮಾನವಲ್ಲವೆಂಬುದನ್ನು ೧೯೮೭ರಲ್ಲಿ ಷಿಕಾಗೋ ನಗರದ ಸೇಮೂರ್ ಗ್ಲಾಗೋವ್ ಮತ್ತು ಅವರ ಸಹಾಯಕರು ತೋರಿಸಿಕೊಟ್ಟರು. ೧೩೬ ಶವಗಳ ಹೃದಯಗಳಲ್ಲಿ ಮುಖ್ಯ ಎಡ ಹೃದ್ಧಮನಿಯನ್ನು ಅಡ್ಡಕೊಯ್ದು ಅಳೆದಾಗ, ಭಿತ್ತಿಯಲ್ಲಿ ವಿಕಾರವು ಬೆಳೆದಂತೆಲ್ಲ ಧಮನಿಯು ಹೊರಕ್ಕೆ ಹಿಗ್ಗಿ ರಕ್ತದ ದಾರಿಯನ್ನು ಕಾಪಾಡಿಕೊಳ್ಳುವುದೆಂದೂ, ವಿಕಾರವು ಒಳವಲಯದ ನೂರಕ್ಕೆ ಸುಮಾರು ೪೦ರಷ್ಟನ್ನು ಆಕ್ರಮಿಸುವವರೆಗೆ ದಾರಿ ಕಿರಿದಾಗದಿರಬಹುದೆಂದೂ ತಿಳಿಯಿತು. ಅವರು ಅಳೆದುದು ಹೃದಯದ ಧಮನಿಯನ್ನು, ಕತ್ತಿನದನ್ನಲ್ಲ. ಆದರೆ ನ್ಯಾಯವು ಸ್ಪಷ್ಟ. ವಿಕಾರವು ಬರಿಯ ಲೇಪವಾಗಿದ್ದರೆ ಅದು ದಪ್ಪವಾದಷ್ಟೂ ದಾರಿ ಕಿರಿದಾಗಲೇಬೇಕು. ಹಾಗಾಗದಿರುವುದರಿಂದ ಅದು ಬರಿಯ ಲೇಪವಲ್ಲ. ಹಾಗಾದರೆ ಗೋಡೆಯನ್ನೇ ನೋಡಬೇಕು.

೫. ಕಾಂತೀಯ ಅನುರಣನ

ಗೋಡೆಯನ್ನು ತೋರಿಸಿದ ವಿದ್ಯೆಯು ಭೌತಶಾಸ್ತ್ರದಿಂದ ಬಂದಿತು. ಪರಮಾಣುವಿನ ಗರ್ಭವಾದ ಬೀಜವು ಕೆಲವು ಧಾತುಗಳಲ್ಲಿ ಅಣುಮಾತ್ರವಾದ ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟು ತಕ್ಕ ಆವೃತ್ತಿಯ ರೇಡಿಯೋ ತರಂಗವನ್ನು ಬಿಟ್ಟರೆ ಅದು ಶಕ್ತಿಯನ್ನು ಹೀರಿ, ಮತ್ತೆ ಬಿಡುತ್ತದೆ. ಒಂದು ತಂತಿ ಮಿಡಿದರೆ ಅದೇ ಶ್ರುತಿಯ ಇನ್ನೊಂದು ತಂತಿ ತಾನಾಗಿ ನುಡಿಯುವಂತೆ ಇದು ಅನುರಣನ. ೧೯೩೦ರ ದಶಕದ ಕೊನೆಯಲ್ಲಿ ರಾಬಿಯವರು ಅಣುಗಳ ಕಿರಣದಲ್ಲಿಯೂ, ೧೯೪೬ರಲ್ಲಿ ಬ್ಲಾಖ್ ಮತ್ತು ಪರ್ಸೆಲ್ ಅವರು ಬೇರೆ ಬೇರೆಯಾಗಿ ದ್ರವ ಘನ ಪದಾರ್ಥಗಳಲ್ಲಿಯೂ ಇದನ್ನು ತೋರಿಸಿದರು.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ವಿಷಯವನ್ನು ನೆನೆಯುವುದು ಕರ್ತವ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಸೂರ್ಯನ್ ಅವರು ೧೯೫೧ರಲ್ಲಿ ಹರಿಯುವ ದ್ರವಗಳಲ್ಲಿ ಈ ಅನುರಣನವನ್ನು ಕುರಿತು ಲೇಖನವನ್ನು ಪ್ರಕಟಿಸಿದರು. ನಿಂತ ದ್ರವದ ಬೀಜಗಳು ತರಂಗವನ್ನು ಹೀರಿ ಹೀರಿ ತಣಿದುಬಿಡುತ್ತವೆ. ಹರಿಯುವ ದ್ರವದಲ್ಲಿ ತಣಿಯದ ಹೊಸ ಬೀಜಗಳು ಬರುತ್ತಲೇ ಇರುವುದರಿಂದ ಸಂಕೇತವು ಬೇರೆಯಾಗುತ್ತದೆ. ನಿಂತುದಕ್ಕೂ ಹರಿಯುವುದಕ್ಕೂ ಇರುವ ಈ ಭೇದವೇ ಮುಂದೆ ಹರಿಯುವ ರಕ್ತವನ್ನೂ ನಿಂತ ಗೋಡೆಯನ್ನೂ ವಿಂಗಡಿಸುವುದಕ್ಕೆ ಆಧಾರವಾಯಿತು.

೧೯೭೩ರಲ್ಲಿ ಅಮೆರಿಕದ ಪಾಲ್ ಲಾಟರ್ಬರ್ ಅವರು, ಕಾಂತಕ್ಷೇತ್ರದ ಬಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಏರುವಂತೆ ಮಾಡಿದರೆ, ಸಂಕೇತದ ಆವೃತ್ತಿಯಿಂದಲೇ ಅದು ಹೊರಟ ಸ್ಥಾನವನ್ನು ತಿಳಿಯಬಹುದೆಂದು ತೋರಿಸಿ, ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಚಿತ್ರವನ್ನು ಪ್ರಕಟಿಸಿದರು. ವೀಣೆಯ ತಂತಿಯ ಮೇಲೆ ಬೆರಳು ನಿಂತ ಸ್ಥಾನವನ್ನು ಸ್ವರದಿಂದಲೇ ಬಲ್ಲವರು ಹೇಳುವಂತೆ ಇದು. ಅವರು ಈ ವಿದ್ಯೆಗೆ ಇಟ್ಟ 'ಜೂಗ್ಮಟೋಗ್ರಫಿ' ಎಂಬ ಹೆಸರು ಗ್ರೀಕಿನ 'ಜೂಗ್ಮ'ದಿಂದ ಬಂದುದು. ನೊಗಕ್ಕೆ ಹೂಡುವುದು ಎಂಬುದು ಅದರ ಭಾವ. ನಮ್ಮ 'ಯುಜ್' ಧಾತುವೂ ನೊಗವೆಂಬ ಅರ್ಥದ 'ಯುಗ' ಶಬ್ದವೂ ಅದರ ಒಡಹುಟ್ಟುಗಳು. ಕಾಂತಕ್ಷೇತ್ರ, ತರಂಗ ಎಂಬೆರಡನ್ನು ಒಂದೇ ನೊಗಕ್ಕೆ ಹೂಡಿದುದರಿಂದ ಈ ಹೆಸರು. ಹೆಸರು ಉಳಿಯಲಿಲ್ಲ, ವಿದ್ಯೆ ಉಳಿಯಿತು. ೨೦೦೩ರಲ್ಲಿ ಲಾಟರ್ಬರ್ ಮತ್ತು ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಧಮನೀಭಿತ್ತಿಯನ್ನು ನೋಡಬೇಕಾದರೆ ರಕ್ತದ ಸಂಕೇತವನ್ನು ಅಡಗಿಸಬೇಕು. ಮೊದಲು ಒಂದು ತರಂಗದಿಂದ ಎಲ್ಲ ಬೀಜಗಳನ್ನೂ ತಲೆಕೆಳಗು ಮಾಡುತ್ತಾರೆ. ಒಡನೆಯೇ ಎರಡನೆಯದರಿಂದ, ನೋಡಬೇಕಾದ ತೆಳುಪದರದಲ್ಲಿರುವವುಗಳನ್ನು ಮಾತ್ರ ಮತ್ತೆ ನೆಟ್ಟಗೆ ಮಾಡುತ್ತಾರೆ. ಸ್ವಲ್ಪ ಕಾಲ ಕಾದರೆ ಆ ಪದರದಲ್ಲಿದ್ದ ರಕ್ತವು ಹರಿದುಹೋಗಿ, ಹೊರಗಿನಿಂದ ತಲೆಕೆಳಗಾದ ರಕ್ತವು ಅಲ್ಲಿಗೆ ಬಂದು ಸೇರುತ್ತದೆ. ಅದರ ಸಂಕೇತವು ಶೂನ್ಯವಾಗುವ ಕ್ಷಣವನ್ನು ಹಿಡಿದು ಚಿತ್ರ ತೆಗೆದರೆ ರಕ್ತವು ಕಪ್ಪಾಗಿಯೂ ಗೋಡೆಯು ಬೆಳ್ಳಗೂ ಕಾಣುತ್ತವೆ. ಮೋನಿಜ್ ಅವರ ಚಿತ್ರದಲ್ಲಿ ರಕ್ತವೇ ಎಲ್ಲವೂ. ಇಲ್ಲಿ ರಕ್ತವು ಹಿಂದೆ ಸರಿದು ಗೋಡೆಗೆ ಎಡೆಗೊಡುತ್ತದೆ. ಕಂಠಧಮನಿಯ ಸ್ವಸ್ಥವಾದ ಭಿತ್ತಿಯ ದಪ್ಪವು ಒಂದು ಮಿಲಿಮೀಟರಿಗಿಂತ ಕಡಮೆ. ಕತ್ತಿನ ಮೇಲೆ ಪ್ರತ್ಯೇಕವಾದ ಗ್ರಾಹಕಸುರುಳಿಗಳನ್ನು ಇಟ್ಟು ಸುಮಾರು ಅರ್ಧ ಮಿಲಿಮೀಟರಿನ ಸೂಕ್ಷ್ಮತೆಯನ್ನು ಸಾಧಿಸಿದ ಮೇಲೆಯೇ ಇದು ಕೈಗೂಡಿತು.

೬. ಭಿತ್ತಿಯಲ್ಲಿ ಕಂಡುದು

೧೯೯೬ರಲ್ಲಿ ಟೂಸೇನ್ ಮತ್ತು ಅವರ ಸಂಗಡಿಗರು, ಬದುಕಿರುವ ರೋಗಿಗಳ ಕಂಠಧಮನಿಯ ವಿಕಾರದಲ್ಲಿ ಮೇದಸ್ಸು, ನಾರು, ಸುಣ್ಣ, ರಕ್ತ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದೆಂದು ಪ್ರಕಟಿಸಿದರು. ಅಮೆರಿಕದ ಸಿಯಾಟಲ್ ನಗರದಲ್ಲಿ ಚುನ್ ಯುವಾನ್, ಥಾಮಸ್ ಹಟ್ಸುಕಾಮಿ ಮೊದಲಾದವರು ಮುಂದಿನ ವರ್ಷಗಳಲ್ಲಿ ಇದನ್ನು ವ್ಯವಸ್ಥಿತವಾದ ಶಾಸ್ತ್ರವನ್ನಾಗಿ ಮಾಡಿದರು. ಶಸ್ತ್ರಕರ್ಮಕ್ಕೆ ಮೊದಲು ರೋಗಿಯ ಧಮನಿಯ ಚಿತ್ರ ತೆಗೆಯುವುದು. ಶಸ್ತ್ರವೈದ್ಯನು ಹೊರತೆಗೆದ ಅದೇ ಭಾಗವನ್ನು ಪದರ ಪದರವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು — ಇದು ಅವರ ಕ್ರಮ. ಮೂಲ ಓಲೆಯನ್ನೂ ಪ್ರತಿಯನ್ನೂ ಸರಿನೋಡುವ ಗ್ರಂಥಸಂಪಾದಕನ ಕ್ರಮಕ್ಕೂ ಇದಕ್ಕೂ ಭೇದವಿಲ್ಲ.

ಹೀಗೆ ಸರಿನೋಡಿದ ಮೇಲೆ ಚಿತ್ರದ ಲಿಪಿಯು ಓದಲು ಬಂದಿತು. ಸುಣ್ಣವು ಎಲ್ಲ ಬಗೆಯ ಚಿತ್ರಗಳಲ್ಲಿಯೂ ಕಪ್ಪು. ಗೋಡೆಯೊಳಗೆ ಈಚೆಗೆ ಸೋರಿದ ರಕ್ತವು ಒಂದು ಬಗೆಯ ಚಿತ್ರದಲ್ಲಿ ಹೊಳೆಯುವ ಬಿಳುಪು. ಮೇದಸ್ಸಿನ ಅಂಬಲಿಯನ್ನು ರಕ್ತದಿಂದ ಮರೆಮಾಡಿರುವ ನಾರಿನ ಮುಚ್ಚಳವು ದಪ್ಪವಾಗಿದೆಯೋ, ತೆಳುವಾಗಿದೆಯೋ, ಒಡೆದಿದೆಯೋ ಎಂಬುದನ್ನೂ ತಿಳಿಯಬಹುದು. ೨೦೦೬ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಯಾವ ಸೂಚನೆಯೂ ಇಲ್ಲದ, ದಾರಿಯು ನೂರಕ್ಕೆ ೫೦ರಿಂದ ೭೯ರಷ್ಟು ಕಿರಿದಾಗಿದ್ದ ೧೫೪ ಜನರನ್ನು ಸರಾಸರಿ ಸುಮಾರು ೩೮ ತಿಂಗಳು ಗಮನಿಸಿದರು. ಮುಚ್ಚಳವು ತೆಳುವಾಗಿದ್ದವರಲ್ಲಿ ಅಥವಾ ಒಡೆದಿದ್ದವರಲ್ಲಿಯೂ, ಗೋಡೆಯೊಳಗೆ ರಕ್ತ ಸೋರಿದ್ದವರಲ್ಲಿಯೂ ಮಿದುಳಿನ ಅನರ್ಥವು ಹೆಚ್ಚಾಗಿ ಸಂಭವಿಸಿತು. ಗಾತ್ರದಲ್ಲಿ ಇದು ಚಿಕ್ಕ ಪರೀಕ್ಷೆ. ಆದರೆ ಅನಂತರದ ಬೇರೆ ಪರೀಕ್ಷೆಗಳೂ ಇದೇ ದಿಕ್ಕನ್ನು ತೋರಿಸಿವೆ.

ಈ ವಿದ್ಯೆಗೂ ಮಿತಿಗಳುಂಟು. ಯಂತ್ರವು ಬಹಳ ಬೆಲೆಯುಳ್ಳದ್ದು; ಪರೀಕ್ಷೆಗೆ ಬಹಳ ಹೊತ್ತು ಬೇಕು; ರೋಗಿಯು ಉಗುಳು ನುಂಗಿದರೂ ಚಿತ್ರ ಕೆಡುತ್ತದೆ. ದೋಷವನ್ನು ಕಂಡುದಕ್ಕೂ ಅದನ್ನು ನೀಗಿದುದಕ್ಕೂ ಅಂತರವಿದೆಯೆಂಬುದನ್ನೂ ಮರೆಯಬಾರದು.

೭. ಉಪಸಂಹಾರ

ಇನ್ನು ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ವ್ಯಾಖ್ಯಾನಕಾರನ ಉಪಲೇಪ ಶಬ್ದವನ್ನು ವಾಚ್ಯಾರ್ಥದಲ್ಲಿ ತೆಗೆದುಕೊಂಡರೆ, ಭಿತ್ತಿಯಲ್ಲಿ ಈಗ ಕಂಡ ವಿಕಾರಕ್ಕೆ ಅದು ಹೊಂದುವುದಿಲ್ಲ. ಒಡೆದ ಮುಚ್ಚಳದ ಮೇಲೆ ಹೆಪ್ಪು ಕಟ್ಟುವುದುಂಟು, ಅದು ಕೆಲವು ವೇಳೆ ಗೋಡೆಯಲ್ಲಿಯೇ ಸೇರಿಹೋಗುವುದೂ ಉಂಟು. ಆ ಮಟ್ಟಿಗೆ ರೊಕಿಟಾನ್ಸ್ಕಿಯವರ ಪಕ್ಷದಂತೆ ಉಪಲೇಪಪಕ್ಷದಲ್ಲಿಯೂ ಒಂದು ಅಂಶ ಸತ್ಯವಿದೆ. ಆದರೆ ಅದು ರೋಗದ ಒಂದು ಘಟ್ಟವೇ ಹೊರತು ಸ್ವರೂಪವಲ್ಲ.

ಮೂಲದ ಶಬ್ದವನ್ನು ನೋಡಿದರೆ ಮಾತು ಬೇರೆ. 'ಪ್ರತಿಚಯ'ವು ಕೂಡಿಸು, ಒಟ್ಟು ಎಂಬ ಅರ್ಥದ 'ಚಿ' ಧಾತುವಿನಿಂದ ಬಂದುದು. ಶೇಖರವಾಯಿತೆಂದು ಅದು ಹೇಳುತ್ತದೆ. ಎಲ್ಲಿ, ಮೇಲೆಯೋ ಒಳಗೋ, ಎಂದು ಹೇಳುವುದಿಲ್ಲ. ಆದುದರಿಂದ ಸಂಹಿತೆಯ ಶಬ್ದವು ವ್ಯಾಖ್ಯಾನದ ಶಬ್ದಕ್ಕಿಂತ ವಿಶಾಲವಾಗಿದೆ. ಕನ್ನಡದಲ್ಲಿ ಈ ರೋಗಕ್ಕೆ ಹೆಸರು ಬೇಕಾದರೆ 'ಧಮನೀಪ್ರತಿಚಯ'ವನ್ನೇ ಇಟ್ಟುಕೊಳ್ಳಬಹುದು. 'ಧಮನ್ಯುಪಲೇಪ'ವನ್ನು ಬಿಡುವುದು ಲೇಸು. ಲೇಪವೆಂದರೆ ಉಜ್ಜಿ ತೊಳೆಯಬಹುದೆಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯಿಂದ ರೋಗಿಗೆ ಕೇಡು. ಆದರೆ ಹೆಸರು ಹೊಂದಿತೆಂಬುದರಿಂದ ಪೂರ್ವಿಕರು ಈ ವಿಕಾರವನ್ನು ಕಂಡಿದ್ದರೆಂದು ಸಾಧಿಸಿದಂತಾಗುವುದಿಲ್ಲ. ಅವರು ಮುಟ್ಟಿ ಅರಿತುದು, ಗಾಯದಿಂದ ಅರಿತುದು, ಊಹೆಯಿಂದ ಅರಿತುದು ಅಷ್ಟೇ ಅವರಿಗೆ ಗೌರವ ತರುವುದಕ್ಕೆ ಸಾಲದೆ? ಕಾಣದುದನ್ನು ಕಂಡರೆಂದು ನಾವು ಹೇಳಿದರೆ, ಅವರು ನಿಜವಾಗಿ ಕಂಡುದರಲ್ಲಿಯೂ ಲೋಕಕ್ಕೆ ಸಂಶಯ ಹುಟ್ಟುತ್ತದೆ.

ನನ್ನ ಸಹಾಧ್ಯಾಯಿಗಳಿಗೆ ಈ ಲೇಖನವನ್ನು ಮೊದಲು ಓದಿ ಹೇಳಿದೆನು. ಧಾತ್ವರ್ಥವನ್ನು ಅವರು ಒಪ್ಪಿದರು. ಚಕ್ರಪಾಣಿಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ವೈದ್ಯರು ಹೇಳಿದ ಔಷಧವನ್ನು ಮಾತ್ರ ತಪ್ಪದೆ ಸೇವಿಸುತ್ತಿದ್ದಾರೆ, ಪಾಠವನ್ನೂ ಹೇಳುತ್ತಿದ್ದಾರೆ. ಈ ಪ್ರತಿಚಯ ಶಬ್ದದ ಪ್ರಯೋಗಗಳು ಬೇರೆ ವೈದ್ಯಗ್ರಂಥಗಳಲ್ಲಿ, ವಿಶೇಷವಾಗಿ ಕನ್ನಡದ ಓಲೆಗ್ರಂಥಗಳಲ್ಲಿ, ಯಾರಿಗಾದರೂ ಕಂಡಿದ್ದರೆ ಅವರು ಅದನ್ನು ಈ ಪತ್ರಿಕೆಯ ಮೂಲಕ ತಿಳಿಸಬೇಕೆಂದು ವಿದ್ವಾಂಸರನ್ನು ಪ್ರಾರ್ಥಿಸುತ್ತೇನೆ.